ಅಡಿವೆವ್ವ ತುಂಬಿದ ಉಡಿ

ಅಡಿವೆವ್ವನ ಅನುಮಾನ ಸವಣೂರಿಗೆಲ್ಲ ಗೊತ್ತು. ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಈ ಬದಿಗೆ, ಇನ್ನೊಂದನ್ನು ಆ ಬದಿಗೆ ಬಿಟ್ಟು ಒಳಗೆ ಹೋಗುವ ಹೆಂಗಸು ಆಕೆ. ಜೋಡಿ ಸಿಕ್ಕರಲ್ಲವೆ ಕಳ್ಳನಿಗೆ ಆಸೆ! ಹಾಲಿನವನ ಮೇಲೆ ಅನುಮಾನ, ಬಸ್ ಕಂಡಕ್ಟರನ ಮೇಲೆ ಅನುಮಾನ. ಗಂಡ ಚೌಡಪ್ಪ ತೀರಿಕೊಂಡಾಗ ಡಾಕ್ಟರು ಹೇಳಿದ್ದನ್ನೂ ಒಮ್ಮೆಗೇ ನಂಬಿರಲಿಲ್ಲ, ಪಾಪ.

ಇಂಥವಳೇ ಬೇಕೆಂದು ಮಹಾಂತೇಶ ತನ್ನ ಸೂಪರ್ ಮಾರ್ಕೆಟ್ಟಿನ ಬಾಗಿಲಿಗೆ ಆಕೆಯನ್ನು ಕೂಡಿಸಿದ. ಅಂಗಡಿ ತೆರೆದಾಗಿನಿಂದ ಸಾಮಾನು ಮಾಯವಾಗುತ್ತಲೇ ಇತ್ತು. ಸಾಬೂನು, ಏಲಕ್ಕಿ, ಗೋಡಂಬಿ, ತುಪ್ಪದ ಸಣ್ಣ ಬಾಟಲಿ, ಕೈಯಲ್ಲಿ ಅಡಗುವಂಥವೇ ಎಲ್ಲ. ಬಂದ ಲಾಭ ಅದರಲ್ಲೇ ಕರಗುತ್ತಿತ್ತು. ಕ್ಯಾಮೆರಾ ಹಾಕಿಸಿದ, ಮೂಲೆಗೆ ದುಂಡು ಕನ್ನಡಿ ಕೂಡಿಸಿದ, ಚೀಲಗಳನ್ನು ಹೊರಗೇ ಇಡಿಸಿದ. ಆದರೆ ನಮ್ಮ ಕಡೆಯ ಹೆಂಗಸರಿಗೆ ಚೀಲ ಯಾಕೆ ಬೇಕು? ಸೆರಗನ್ನೇ ಮಡಿಲಾಗಿ ಕಟ್ಟಿದ ಉಡಿಯಿದೆ. ಉಡಿ ಬಿಚ್ಚು ಎನ್ನಲು ಯಾವ ಗಂಡಸಿಗೆ ಧೈರ್ಯ ಬಂದೀತು?

"ಅದಕ್ಕಽ ನಿನ್ನ ಇಟ್ಕೊಂಡೇನಿ ಅಡಿವೆಕ್ಕ. ಈ ತಿಂಗಳೂ ಯಾರೂ ಸಿಗಲಿಲ್ಲಂದ್ರ ನಿನ್ನ ಪಗಾರ ನನಗ ದಂಡ. ಮನಿಗೆ ಹೋಗಾಕ ತಯಾರಾಗು," ಎಂದಿದ್ದ ಮಹಾಂತೇಶ. ಪಗಾರ ನಿಂತರೆ ತಮ್ಮನ ಹೆಂಡತಿಯ ಮುಂದೆ ಕೈ ಚಾಚಬೇಕು. ಅದಕ್ಕಿಂತ ಸಾಯುವುದು ವಾಸಿ ಎಂದು ಅಡಿವೆವ್ವನ ಲೆಕ್ಕ.

ಅಂದು ತಿಂಗಳ ಕಡೆಯ ದಿನ. ಹತ್ತಿಮತ್ತೂರಿನ ತವರಿನಿಂದ ತಡಸದ ಗಂಡನ ಮನೆಗೆ ಹೊರಟಿದ್ದ ಮಂಜುಳಾ ಎಂಬ ಹುಡುಗಿ, ಬಸ್ಸಿಗಿನ್ನೂ ಹೊತ್ತಿದೆಯೆಂದು ಅಂಗಡಿಗೆ ಬಂದಳು. ಹೊಸ ಸೀರೆ, ಹಣೆತುಂಬ ಕುಂಕುಮ, ಸೊಂಟಕ್ಕೆ ಸಿಗಿಸಿದ ಉಡಿ. ಬಹಳ ಹೊತ್ತು ಸುತ್ತಾಡಿ, ಕಡೆಗೆ ಬರೀ ಒಂದು ಬಿಸ್ಕೀಟು ಕೊಂಡು ಹೊರಟಳು. ಅಡಿವೆವ್ವನ ಕಣ್ಣು ಉಡಿಯ ಮೇಲೇ ನೆಟ್ಟಿತು. ಒಳಗೆ ಹೋಗುವಾಗ ಇಷ್ಟು ಉಬ್ಬಿತ್ತೆ?

"ತಂಗಿ, ಉಡ್ಯಾಗ ಏನೈತವ್ವ?"

"ನಮ್ಮವ್ವ ಉಡಿ ತುಂಬಿ ಕಳಿಸ್ಯಾಳ್ರಿ."

"ಒಂಚೂರು ಬಿಚ್ಚು, ನೋಡೂಣು."

ಮಂಜುಳಾ ಹಿಂದೆ ಸರಿದಳು. ಅದೇ ತಪ್ಪಾಯಿತು. ಅಡಿವೆವ್ವ ಸೆರಗಿಗೆ ಕೈ ಹಾಕಿದಳು. ಗಂಟು ಸಡಿಲಾಗಿ ಅಕ್ಕಿ ಜಲಜಲ ಸುರಿಯಿತು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ನೆಲದ ಪಾಲಾದವು.

"ಏನ್ ಮಾಡಿದಿ ಅಡಿವೆಕ್ಕ! ಮುತ್ತೈದಿ ಉಡಿ ಚೆಲ್ಲಿದ್ಯಲ್ಲ!" ಎಂದು ಬಿಲ್ಲು ಮಾಡುವ ಜಯಶ್ರೀ ಎದ್ದು ಬಂದಳು. ಸುತ್ತ ನಿಂತವರೆಲ್ಲ ಛೀ ಅಂದರು. "ತಡಿ ತಂಗಿ, ನಾ ತುಂಬ್ತೇನಿ," ಎಂದಳು ಜಯಶ್ರೀ.

"ಬ್ಯಾಡ್ರಿ. ಚೆಲ್ಲಿದವ್ರಽ ತುಂಬಲಿ," ಎಂದಳು ಮಂಜುಳಾ.

"ನಾ ಗಂಡ ಸತ್ತಾಕಿ, ತಂಗಿ. ನನ್ನ ಕೈಲೆ ಬ್ಯಾಡ," ಎಂದಳು ಅಡಿವೆವ್ವ.

"ನನಗೇನ ಹರಕತ್ತಿಲ್ಲ. ತುಂಬ್ರಿ, ಲಗೂನ. ಬಸ್ ಬರೂ ಹೊತ್ತಾತು."

ಚೌಡಪ್ಪ ಹೋದ ಮೇಲೆ ಯಾರೂ ಆಕೆಯನ್ನು ಉಡಿ ತುಂಬಲು ಕರೆದಿರಲಿಲ್ಲ. ಸ್ವಂತ ತಮ್ಮನ ಮಗಳ ಸೀಮಂತವನ್ನೂ ಬಾಗಿಲ ಮರೆಯಲ್ಲಿ ನಿಂತು ನೋಡಿದವಳು. ಕಣ್ಣು ತುಂಬಿ ಬಂತು. ಅಕ್ಕಿ ಬಳಿದು ಬೊಗಸೆಯಿಂದ ಹಾಕುವಾಗ, ಉಡಿಯ ತಳದಲ್ಲಿ, ಕುಪ್ಪಸದ ಖಣದ ಕೆಳಗೆ, ಏನೋ ಗರಗರ ಅಂತು. ಏಲಕ್ಕಿಯ ಪ್ಯಾಕೆಟ್ಟು. ಮೇಲೆ ಅಂಗಡಿಯ ಕೆಂಪು ಬೆಲೆಚೀಟಿ. ಆ ಹೊಸ ಚೀಟಿಗಳನ್ನು ಅಂದು ಮುಂಜಾನೆ ಅಂಟಿಸಿದವಳು ಅಡಿವೆವ್ವನೇ. ಇದು ತವರಿನಿಂದ ಬಂದದ್ದಲ್ಲ.

ಜಯಶ್ರೀ ಯಾಕೆ ಬೇಡವಾದಳು, ಲಗೂನ ಎಂದದ್ದು ಯಾಕೆ ಎಂದು ಥಟ್ಟನೆ ಹೊಳೆಯಿತು. ಉಡಿ ಚೆಲ್ಲಿ ನಾಚಿದವಳು ತಳ ಕೆದಕಲಾರಳೆಂಬ ಎಣಿಕೆಯಿರಬೇಕು. ಹುಡುಗಿ ತನಗೆ ಮಾನ ಕೊಟ್ಟಳೋ, ಕಣ್ಣಿಗೆ ಮಣ್ಣೆರಚಿದಳೋ? ಅಡಿವೆವ್ವನ ಎದೆ ಉರಿಯಿತು. ಮಂಜುಳಾಳ ಮುಖ ಬಿಳಿಚಿಕೊಂಡಿತ್ತು.

"ಯಾರರ ಸಿಕ್ರೇನು ಅಡಿವೆಕ್ಕ?" ಒಳಗಿನಿಂದ ಮಹಾಂತೇಶ ಕೂಗಿದ.

ಅಡಿವೆವ್ವ ಪ್ಯಾಕೆಟ್ಟನ್ನು ಸೆರಗಿನ ಮರೆಯಲ್ಲಿ ತೆಗೆದು, ತನ್ನಲ್ಲೇ ಇದ್ದದ್ದೆಂಬಂತೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಯಾರೂ ಸಿಕ್ಕಿಲ್ರಿ! ಜಯಶ್ರೀ, ಈ ಏಲಕ್ಕಿ ನನ್ನ ಹೆಸರಿಗೆ ಬರ್ಕೊ. ಇವರವ್ವನ ಅಕ್ಕಿನಽ ಎತ್ತಿ ಹಾಕಿದ್ರ ಉಡಿ ತುಂಬಿದಂಗ ಹೆಂಗಾದೀತು? ತುಂಬಾಕಿ ತನ್ನದೂ ಏನರ ಕೊಡಬೇಕು."

ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಉಡಿಗೆ ಹಾಕಿದಳು. ನಾಳೆಯಿಂದ ಈ ಬಾಗಿಲಿಗೆ ಬೇರೆ ಯಾರೋ ಕೂಡುತ್ತಾರೆಂದು ಆಕೆಗೆ ಗೊತ್ತಿತ್ತು. ಮಂಜುಳಾ ಬಗ್ಗಿ ಕಾಲು ಮುಟ್ಟಿದಳು. ಈ ನಮಸ್ಕಾರವಾದರೂ ಖರೆಯೋ ಸುಳ್ಳೋ ಎಂದು ಅಡಿವೆವ್ವ ಅನುಮಾನದಿಂದಲೇ ನೋಡಿದಳು. ಆಶೀರ್ವಾದವನ್ನು ಮಾತ್ರ ಮನಸಾರೆ ಮಾಡಿದಳು.