ದೇವರ ಮುಂದಿಟ್ಟ ಇನ್ಸುಲಿನ್

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಟೀ ಅಂಗಡಿಯಲ್ಲಿ ಆಗ ಇದ್ದದ್ದು ನಾನು, ಅಂಗಡಿಯ ದೇವಮ್ಮ, ಪೋಲೆಂಡಿನಿಂದ ಬಂದ ಒಬ್ಬ ಹೆಂಗಸು. ಆಕೆ ಚೊಂಬುಗಟ್ಟಲೆ ನೀರು ಕುಡಿದು, ವಾಂತಿ ಮಾಡಿಕೊಂಡು, ಗೋಡೆಗೆ ಒರಗಿದ್ದಳು. ಸಕ್ಕರೆ ಕಾಯಿಲೆ ವಾಸಿಯಾಗಲೆಂದು ಊರಾಚೆಯ ಆಶ್ರಮದ ಆಸ್ಪತ್ರೆ ಹುಡುಕಿಕೊಂಡು ಬಂದವಳು. ಅಲ್ಲಿ ಸೇರುವವರು ತಮ್ಮ ಔಷಧಿಯನ್ನೆಲ್ಲ ದೇವರ ಮುಂದಿಟ್ಟು ಬಿಡಬೇಕಂತೆ. ಈಕೆ ಇನ್ಸುಲಿನ್ನನ್ನೂ ಒಪ್ಪಿಸಿದ್ದಳು. ತಾಳಲಾರದೆ ವಾಪಸು ಕೇಳಿದರೆ, ನಿನಗೆ ನಂಬಿಕೆ ಸಾಲದು ಎಂದು ಹೊರಗೆ ಕಳಿಸಿದರಂತೆ.

ಆಕೆ ಇಂಗ್ಲಿಷಿನಲ್ಲಿ ಹೇಳಿದ ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದ್ದೇ ತಡ, ದೇವಮ್ಮ ಹಣೆ ಚಚ್ಚಿಕೊಂಡರು.

"ಅಯ್ಯೋ, ಪೂರಾ ಕೊಟ್ಬುಟ್ರಾ? ನಾವೆಲ್ಲ ಖಾಲಿ ಡಬ್ಬಿ ಮಡಗಿ ಕೈ ಮುಗಿತೀವಿ ಕಣಣ್ಣ. ಮಾತ್ರೆ ಸೊಂಟ್ದಲ್ಲೇ ಇರ್ತದೆ. ಈಯಮ್ಮಂಗೆ ಯಾರೂ ಯೋಳ್ನಿಲ್ವಾ?"

ನಾನು ರೇಗಿದೆ. "ಗೊತ್ತಿದ್ದೂ ಊರೆಲ್ಲ ಸುಮ್ಮನಿದ್ದೀರಲ್ಲಮ್ಮ!"

"ದ್ಯಾವ್ರ ಎಸ್ರೇಳ್ಕೊಂಡು ಮಾಡ್ತಾವ್ರೆ, ಯಾರ್ ಬಾಯ್ ಬುಟ್ಟಾರು? ಆಮೇಲ್ ಬಯ್ಯೀರಂತೆ, ಮೊದ್ಲು ಆಟೋ ಕರೀರಿ!"

ಸರ್ಕಾರಿ ಆಸ್ಪತ್ರೆಯವರು ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಆಕೆಯನ್ನು ಉಳಿಸಿಕೊಂಡರು.

ಮುಂದಿನ ತಿಂಗಳು ಅದೇ ದಾರಿಯಲ್ಲಿ ಬಂದೆ. ಆಶ್ರಮದ ಗೇಟಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅಲ್ಲಿ ಗುಣವಾದವರ ಸಾಲಿನಲ್ಲಿ ಮೊದಲನೆಯದೇ ಆಕೆಯ ಫೋಟೋ.