‘ನೋಬಡಿ’ ಕಳಿಸಿದ ಮೇಲ್‌ಗಳು

“ರಾವ್ ಸಾಹೇಬ್... ಹೈ ನಾ?”

ಠಾಣೆ ರೈಲ್ವೆ ಸ್ಟೇಷನ್ನಿನ ಸೇತುವೆಯ ಮೇಲೆ, ಬೆಳಗಿನ ನೂಕುನುಗ್ಗಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ ಮಾವನ ಗೆಳೆಯ ಪಾಟೀಲರು ಕೇಳಿದ ಪ್ರಶ್ನೆ ಇದು. ಮನೆಯಲ್ಲಿದ್ದಾರೆಯೇ ಎಂದಲ್ಲ. ಬದುಕಿದ್ದಾರೆಯೇ ಎಂದು!

ರಾವ್ ಸಾಹೇಬರೆಂದರೆ ನನ್ನ ಹೆಂಡತಿ ಸುಧಾಳ ತಂದೆ, ವಾಸುದೇವರಾಯರು. ಆ ಹೊತ್ತಿಗೆ ಅವರು ಡೊಂಬಿವಲಿಯ ನಮ್ಮ ಮನೆಯಲ್ಲಿ ಗಂಜಿ ಕುಡಿದು ಪೇಪರ್ ಓದುತ್ತಿದ್ದರು. ಇದ್ದಾರಲ್ಲ, ನಿಮಗೆ ಮೇಲ್ ಕಳಿಸುತ್ತಲೇ ಇದ್ದರಲ್ಲ ಎಂದೆ.

“ಮೇಲ್? ಕೌನ್‌ಸಾ ಮೇಲ್?”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿನಿಂದ ಯಾರೋ “ಚಲೋ ಭಾಯ್, ಬಾಜೂ ಹಟೋ” ಎಂದು ತಳ್ಳಿದರು.

ಸ್ವಲ್ಪ ಹಿಂದಿನಿಂದ ಹೇಳಬೇಕು. ಮಾವ ಬೇಲಾಪುರದ ಸರಕಾರಿ ಕಚೇರಿಯೊಂದರಲ್ಲಿದ್ದವರು. ಪಾಟೀಲ್, ನಾಯರ್, ಶಾಹ ಅವರ ಲೋಕಲ್ ರೈಲಿನ ಗೆಳೆಯರು. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ, ಒಂದೇ ಬಾಗಿಲಿನ ಹತ್ತಿರ ನಿಂತು ಹೋದವರು. ಮಾವ ಬಾಯಿ ತೆರೆದರೆ ಡಬ್ಬಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತಂತೆ. (ಮನೆಯಲ್ಲೂ ಹಾಗೆಯೇ. ಅವರು ಗುಟ್ಟು ಹೇಳಿದರೆ ಮೇಲಿನ ಮಾಳಿಗೆಯವರಿಗೂ ಗೊತ್ತಾಗುತ್ತಿತ್ತು.)

ಕಳೆದ ವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಕುತ್ತಿಗೆಯಲ್ಲೀಗ ಉಸಿರಾಟಕ್ಕೊಂದು ರಂಧ್ರ. ಅದನ್ನು ಯಾರಿಗೂ ತೋರಿಸಲು ಅವರಿಗೆ ಮನಸ್ಸಿಲ್ಲ. ಗೆಳೆಯರು ಮನೆಗೆ ಬರುತ್ತೇವೆಂದಾಗ ಬೇಡವೆಂದು ಕೈಯಾಡಿಸಿದರು. ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಎಸ್ಸೆಮ್ಮೆಸ್? ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕಾದ ಆ ಬಟನ್‌ಗಳನ್ನು ಕಂಡರೆ ಸಿಟ್ಟು. ಇಮೇಲ್ ಕಲಿಸಲು ಹೋದೆ. ಪಾಸ್‌ವರ್ಡ್ ಮರೆತರು, ಜಾಹೀರಾತುಗಳನ್ನು ನೋಡಿ ಗಾಬರಿಯಾದರು, ಮೌಸ್ ತಳ್ಳಿ ಎದ್ದರು.

ನಾನು ಮಹಾಪೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವವನು. ಹೊಟ್ಟೆಪಾಡಿಗೆ ಯಾರ್‍ಯಾರಿಗೋ ಬರೆದುಕೊಡುತ್ತೇನೆ. ಮಾವನಿಗೆ ಬರೆದುಕೊಡಬಾರದೆ? ಒಂದು ಭಾನುವಾರ ಕೂತು ಮುಗಿಸಿದೆ. ತೆರೆದರೆ ಮೂವರು ಗೆಳೆಯರ ಹೆಸರು, ಬರೆಯಲು ದೊಡ್ಡ ಜಾಗ, ಕೆಳಗೆ ಅಗಲವಾದ ಒಂದು ಬಟನ್: ‘ಕಳಿಸು’. ಅಷ್ಟೇ.

ಒಂದು ತೊಡಕಿತ್ತು. ನಮ್ಮ ಬಿಲ್ಡಿಂಗಿಗೆ ಇಂಟರ್ನೆಟ್ ಕೊಡುವವನು ಕೇಬಲ್‌ವಾಲಾ. ಕಂಪ್ಯೂಟರಿನಿಂದ ನೇರವಾಗಿ ಮೇಲ್ ಕಳಿಸುವ ದಾರಿಯನ್ನು ಅವನು ಮುಚ್ಚಿಬಿಟ್ಟಿದ್ದ. ವೆಬ್‌ಸೈಟ್ ನೋಡಲು ಅಡ್ಡಿಯಿರಲಿಲ್ಲ. ಹಾಗಾಗಿ ನಾನು ಬಾಡಿಗೆಗೆ ಪಡೆದಿದ್ದ ವೆಬ್ ಸರ್ವರ್ ಮೇಲೆ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಇಟ್ಟೆ. ಮಾವ ಬಟನ್ ಒತ್ತಿದರೆ ಬರೆದದ್ದು ಆ ಸ್ಕ್ರಿಪ್ಟಿಗೆ ಹೋಗುತ್ತದೆ. ಅದು ಅಲ್ಲಿಂದ ಮೇಲ್ ಮಾಡುತ್ತದೆ. ಕಳಿಸಿದವರ ಜಾಗದಲ್ಲಿ ಮಾವನ ಹೆಸರು, ಸುಧಾಳ ವಿಳಾಸ. ಉತ್ತರ ಸುಧಾಳಿಗೆ ಬರುತ್ತದೆ, ಅವಳು ಓದಿ ಹೇಳುತ್ತಾಳೆ.

ಕೆಲಸ ಮಾಡಿತು! ಮಾವ ಒಂದೇ ಬೆರಳಿನಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ ಗೆಳೆಯರಿಗೆ ಬರೆದರು. ಉತ್ತರಗಳು ಬಂದವು. ಸುಧಾ ಓದುವಾಗ ಭುಜ ಕುಣಿಸಿ ಸದ್ದಿಲ್ಲದೆ ನಕ್ಕರು. ಕುತ್ತಿಗೆಗೆ ಯಂತ್ರವೊಂದನ್ನು ಹಿಡಿದು ಮಾತಾಡುವುದನ್ನು ಡಾಕ್ಟರ್ ಹೇಳಿಕೊಟ್ಟಿದ್ದರು. ಮೂಲೆಗೆ ಬಿದ್ದಿದ್ದ ಆ ಅಭ್ಯಾಸವನ್ನೂ ಶುರುಮಾಡಿದರು.

ಆಮೇಲೆ ಉತ್ತರ ಬರುವುದು ನಿಂತಿತು.

ಮಾವ ಬರೆಯುತ್ತಲೇ ಇದ್ದರು. ಶಾಹನ ಮಗಳ ಮದುವೆ ಎಲ್ಲಿಗೆ ಬಂತು? ನಾಯರನ ಮಂಡಿನೋವು ಹೇಗಿದೆ? ಪಾಟೀಲ ಈಗ ಯಾರ ಹತ್ತಿರ ಜಗಳ ಮಾಡುತ್ತಾನೆ? ಸಂಜೆಯಾದರೆ ಸುಧಾಳ ಮುಖ ನೋಡುವರು. “ಪುರುಸೊತ್ತಿಲ್ಲ ಕಾಣ್ತದಪ್ಪ ಅವ್ರಿಗೆ” ಎಂದು ಅವಳು ಬೇರೆ ಕಡೆ ತಿರುಗುವಳು.

ಒಂದು ದಿನ ಮಾವ ಕಂಪ್ಯೂಟರಿಗೆ ಮೈ ಒರೆಸುವ ಹಳೆಯ ಬೈರಾಸ ಹೊದಿಸಿಬಿಟ್ಟರು. ಮಾತಿನ ಯಂತ್ರ ಕಪಾಟು ಸೇರಿತು. “ಎಂತಪ್ಪ ಇದು, ದಿನಾ ಮಾಡ್ಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ?” ಎಂದು ಸುಧಾ ರೇಗಿದಳು. ಮಾವ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು.

“ಯಾರ ಹತ್ರ ಮಾತಾಡ್ಲಿಕ್ಕೆ?”

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. (ಅಳು ಕೇಳಿಸಬಾರದೆಂದು. ನಮ್ಮ ಫ್ಲಾಟುಗಳಲ್ಲಿ ಅಳುವುದಕ್ಕೆ ಬೇರೆ ಜಾಗ ಎಲ್ಲಿದೆ?)

ಇದನ್ನೆಲ್ಲ ಸೇತುವೆಯ ಮೇಲೆ ಪಾಟೀಲರಿಗೆ ಹೇಳಿದೆ. ಅವರ ಕತೆ ಬೇರೆಯೇ ಇತ್ತು. ಮೊದಮೊದಲು ಮೇಲ್ ಬಂತು, ಆಮೇಲೆ ನಿಂತಿತು. ಕಾಯಿಲೆ ಹೆಚ್ಚಾಗಿರಬೇಕು ಎಂದು ಮೂವರೂ ಅಂದುಕೊಂಡರಂತೆ. ಮತ್ತೆ ಫೋನ್ ಮಾಡಬಹುದಿತ್ತಲ್ಲ?

“ಡರ್ ಲಗ್ತಾ ಥಾ. ಬೇಟಿ ಫೋನ್ ಉಠಾಯೇಗಿ, ಔರ್ ರೋಯೇಗಿ ತೋ?”

ಮಗಳು ಫೋನೆತ್ತಿ ಅತ್ತುಬಿಟ್ಟರೆ ಎಂಬ ಹೆದರಿಕೆ! ಬೇರೆ ಯಾರ ಹೆಸರಿನಿಂದಲೂ ಮೇಲ್ ಬರಲಿಲ್ಲವೇ ಎಂದು ಕೇಳಿದೆ. ಪಾಟೀಲರು ಯೋಚಿಸಿದರು.

“ಏಕ್ ‘ನೋಬಡಿ’ ಕರ್‌ಕೇ ಆತಾ ಥಾ. ಬೇಟಾ ಬೋಲಾ ವೈರಸ್ ಹೈ, ಖೋಲನಾ ಮತ್. ಜಂಕ್ ಮೇಂ ಡಾಲ್ ದಿಯಾ.”

ವೈರಸ್ ಇದೆ, ತೆರೆಯಬೇಡ ಎಂದು ಮಗ ಹೇಳಿದ್ದಕ್ಕೆ ಅದನ್ನು ಜಂಕಿಗೆ, ಬೇಡದ ಮೇಲ್‌ಗಳ ಬುಟ್ಟಿಗೆ, ತಳ್ಳಿದ್ದರಂತೆ. ನೋಬಡಿ. ‘ಯಾರೂ ಅಲ್ಲ’. ಸರ್ವರ್‌ಗಳ ಲೋಕದಲ್ಲಿ, ಇಂಥವರದೆಂದು ಹೇಳಲಾಗದ ಕೆಲಸಗಳಿಗೆ ಅಂಟಿಸುವ ಹೆಸರು ಅದು.

ಆಫೀಸು ತಲುಪಿದವನೇ ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ಫೋನ್ ಹಚ್ಚಿದೆ. “ಹೊಸ ಸರ್ವರಿಗೆ ಶಿಫ್ಟ್ ಮಾಡಿದೀವಿ ಸಾರ್, ಅಲ್ಲಿ ರೂಲ್ಸ್ ಬೇರೆ” ಎಂದ ಅಲ್ಲಿದ್ದ ಬೆಂಗಳೂರಿನ ಹುಡುಗ, ತಣ್ಣಗೆ. ನಾನು ಹಾಕಿದ್ದ ಮಾವನ ಹೆಸರನ್ನು ಹೊಸ ಸರ್ವರ್ ಕಿತ್ತುಹಾಕಿ ತನ್ನದನ್ನು ಅಂಟಿಸುತ್ತಿತ್ತು. ಕಳಿಸುವವರ ವಿಳಾಸವನ್ನು ಸ್ಕ್ರಿಪ್ಟಿನಲ್ಲಿ ಇನ್ನೊಂದು ಕಡೆಯೂ ಹೇಳಬೇಕಿತ್ತಂತೆ. ಒಂದು ಸಾಲು ಸೇರಿಸಿದೆ. ಸರಿಹೋಯಿತು.

ಯೋಚಿಸಿ ನೋಡಿ. ಇಷ್ಟು ದಿನವೂ ಪರದೆ ಮಾವನಿಗೆ ‘ಕಳಿಸಲಾಗಿದೆ’ ಎಂದೇ ಹೇಳುತ್ತಿತ್ತು. ಸುಳ್ಳಲ್ಲ. ಮೇಲ್ ಹೋದದ್ದು ನಿಜ, ತಲುಪಿದ್ದೂ ನಿಜ. ಕಳಿಸಿದ ಮನುಷ್ಯನ ಹೆಸರಷ್ಟೇ ದಾರಿಯಲ್ಲಿ ಉದುರಿಹೋಗಿತ್ತು.

ಆದರೆ ಸರ್ವರನ್ನೇ ಎಷ್ಟೆಂದು ಬೈಯುವುದು? ಪಾಟೀಲರ ಮನೆ ಕಲ್ಯಾಣದಲ್ಲಿ. ಡೊಂಬಿವಲಿಗೆ ಎಷ್ಟು ದೂರ? ಮಾವನಾದರೂ ಸುಧಾಳ ಕೈಯಲ್ಲಿ ಫೋನ್ ಮಾಡಿಸಿ ಕೇಳಬಹುದಿತ್ತಲ್ಲ? ಒಬ್ಬರಿಗೆ ಸಾವಿನ ಸುದ್ದಿಯ ಹೆದರಿಕೆ. ಇನ್ನೊಬ್ಬರಿಗೆ, ತಾನು ಯಾರಿಗೂ ಬೇಡವಾಗಿದ್ದೇನೆ ಎಂದು ಖಚಿತವಾಗಿಬಿಡುವ ಹೆದರಿಕೆ. ಇಬ್ಬರೂ ಸುಮ್ಮನಾದರು.

ಅಂದು ಸಂಜೆ ಪಾಟೀಲರ ಮೇಲ್ ಬಂತು. ಸುಧಾ ಜೋರಾಗಿ ಓದಿದಳು. ಜಂಕಿನಿಂದ ಎಲ್ಲವನ್ನೂ ಹೆಕ್ಕಿ ಆಫೀಸಿನಲ್ಲೇ ಓದಿದೆ, ಬಾಸ್ ಬೈದ. ಭಾನುವಾರ ಮೂವರೂ ಬರುತ್ತಿದ್ದೇವೆ. ಕೊನೆಯ ಸಾಲಿಗೆ ಬಂದಾಗ ಸುಧಾ ತಡವರಿಸಿದಳು. ಓದು ಎಂದು ಮಾವ ಕೈ ಮಾಡಿದರು.

“ಬೇಡ ಅನ್ನುವ ಹಾಗಿಲ್ಲ. ಯಾಕೆಂದರೆ ನೀನು ಏನೂ ಅನ್ನುವ ಹಾಗಿಲ್ಲ!”

ಮಾವ ಕಣ್ಣೊರೆಸಿಕೊಂಡು ನಕ್ಕರು, ಮತ್ತೆ ನಕ್ಕರು, ಕೊನೆಗೆ ಕೆಮ್ಮು ಬಂದು ಸುಧಾ ಬೆನ್ನು ನೀವಬೇಕಾಯಿತು.

ಭಾನುವಾರ ಬಂದರು. ಮಾವ ಕುತ್ತಿಗೆಗೆ ಇಸ್ತ್ರಿ ಮಾಡಿದ ಕರವಸ್ತ್ರ ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ದೊಡ್ಡ ಅಕ್ಷರದಲ್ಲಿ ಟೈಪ್ ಮಾಡುವುದು, ಗೆಳೆಯರು ಓದುವುದು ಎಂದು ಏರ್ಪಾಡು. ಆದರೆ ಲೋಕಲ್ಲಿನಲ್ಲಿ ಪಳಗಿದ ಬಾಯಿಗಳು ಸುಮ್ಮನಿರುತ್ತವೆಯೇ? ಮಾವ ಮದುವೆಯ ಬಗ್ಗೆ ಒಂದು ಸಾಲು ಬರೆಯುವಷ್ಟರಲ್ಲಿ ಮಾತು ರೈಲಿಗೆ ಹಾರಿತು. ರೈಲಿನ ಬಗ್ಗೆ ಬರೆಯತೊಡಗಿದರೆ ನಾಯರರು ಮಂಡಿಗೆ ಹಚ್ಚುವ ಎಣ್ಣೆಯ ವರ್ಣನೆಯಲ್ಲಿದ್ದರು. ಮಾವ ತಾವು ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಿದ್ದುದು ನನಗೆ ಕಾಣಿಸಿತು.

ಪಾಟೀಲರಿಗೂ ಕಾಣಿಸಿರಬೇಕು. ಕುರ್ಚಿಯನ್ನು ಮಾವನ ಪಕ್ಕಕ್ಕೆ ಎಳೆದುಕೊಂಡು ಗದರಿದರು.

“ಏ, ಚುಪ್ ಬೈಠೋ! ಸಾಹೇಬ್ ಬೋಲ್ ರಹೇ ಹೈ.”

ಸಾಹೇಬರು ಮಾತಾಡುತ್ತಿದ್ದಾರೆ! ಮೂವರೂ ಗಪ್‌ಚಿಪ್. ಫ್ಯಾನಿನ ಸದ್ದು, ಕೀಲಿಗಳ ಟಕ್ ಟಕ್. ಮಾವನ ಬೆರಳು ಅಕ್ಷರ ಹುಡುಕಿತು, ತಪ್ಪಿತು, ಅಳಿಸಿತು, ಮತ್ತೆ ಹುಡುಕಿತು. ಯಾರೂ ವಾಚು ನೋಡಲಿಲ್ಲ. ಸಾಲು ಮುಗಿಯಿತು: “ಚಹಾ ಆರುತ್ತಿದೆ, ಮೊದಲು ಕುಡಿಯಿರಿ. ನಾನೇನೂ ಓಡಿಹೋಗುವುದಿಲ್ಲ.”

ಮೇಲ್ ಸರಿಪಡಿಸಲು ನನಗೆ ಒಂದು ಸಾಲು ಸಾಕಾಯಿತು. ಇನ್ನೊಬ್ಬರು ಮಾತು ಮುಗಿಸುವವರೆಗೆ ಕಾಯುವುದನ್ನು ನಮಗೆ ಕಲಿಸಲು ಎಷ್ಟು ಸಾಲು ಬೇಕು?