ಎಲ್ಲರಿಗೂ ‘ಇಲ್ಲ’ ಎಂದು ಬರೆದವನು

ನನ್ನ ಅಕ್ಷರ ದುಂಡಗಿದೆ. ಆ ಶನಿ ನನ್ನ ಬೆನ್ನಿಗೆ ಬಿದ್ದು ಇಪ್ಪತ್ತಾರು ವರ್ಷವಾಯಿತು. ಮೈಸೂರಿನ ಒಂದು ಅಗ್ನಿಶಾಮಕ ಠಾಣೆಯಲ್ಲಿ ನಾನು ಬೆಂಕಿ ಆರಿಸಿದ್ದಕ್ಕಿಂತ ಅರ್ಜಿ ತುಂಬಿದ್ದೇ ಹೆಚ್ಚು. ರಜೆಯ ಅರ್ಜಿ, ಮಕ್ಕಳ ಶಾಲೆಯ ಅರ್ಜಿ, ಯಾರದೋ ಭಾಮೈದನ ಜಾತಿ ಪ್ರಮಾಣಪತ್ರದ ಅರ್ಜಿ, ಎಲ್ಲವೂ ನನ್ನ ಮುಂದೆಯೇ ಬಂದು ಬೀಳಬೇಕು. “ಅಣ್ಣ, ಸೈನ್ ಹಾಕ್ಬುಟ್ಟಿದ್ದೀನಿ, ಮಿಕ್ಕಿದ್ದು ನೀವೇ ಬರ್ಕೊಳಿ” ಎಂದು ಹೇಳಿ ಕ್ಯಾರಂ ಬೋರ್ಡಿನ ಕಡೆ ಓಡುತ್ತಾರೆ. ನಾನೇನು ಇವರ ಮನೆಯ ಗುಮಾಸ್ತನೇ? ಬೈಯುತ್ತೇನೆ, ಬೈಯುತ್ತಲೇ ಬರೆಯುತ್ತೇನೆ.

ನಮ್ಮ ಕೆಲಸವೆಂದರೆ ಬೆಂಕಿ ಎಂದು ಜನ ತಿಳಿದಿದ್ದಾರೆ. ಬೆಂಕಿ ಕಡಿಮೆ. ಅಡುಗೆಮನೆಗೆ ನುಗ್ಗಿದ ಹಾವು, ಗುಂಡಿಗೆ ಬಿದ್ದ ಹಸು, ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿ, ನಜ್ಜುಗುಜ್ಜಾದ ಕಾರು. ಆಮೇಲೆ ನೀರು. ಕೆರೆ, ನಾಲೆ, ಬಾವಿ, ಕಲ್ಲು ಕ್ವಾರಿಯ ಹೊಂಡ. ನೀರಿನ ಕರೆ ಬಂದರೆ ನಮ್ಮಲ್ಲಿ ಇಳಿಯುವವನು ಒಬ್ಬನೇ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಾನೆ. ಅವನು ಇಳಿಯುತ್ತಾನೆ, ನಾನು ದಡದಲ್ಲಿ ಹಗ್ಗ ಹಿಡಿಯುತ್ತೇನೆ. ಬಹಳ ವರ್ಷದಿಂದ ಹೀಗೇ ನಡೆದಿದೆ. ಒದ್ದೆ ಹಗ್ಗವನ್ನು ಯಾರಾದರೂ ಹಾಗೇ ಸುತ್ತಿಟ್ಟರೆ ಅವನು ಠಾಣೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ಕೂಗಾಡುತ್ತಿದ್ದ.

ಇದನ್ನೆಲ್ಲ ನೋಡಿ ನೋಡಿ ನಿಮಗೆ ಏನೂ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದೇ ಆಗುವುದು. ಮೂರು ವರ್ಷದ ಹಿಂದೆ ನನ್ನ ಅವ್ವ ಅಗ್ರಹಾರದ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಸತ್ತರು. ಮೆಟ್ಟಿಲು ಒಬ್ಬರು ಇಳಿಯುವಷ್ಟೇ ಅಗಲ, ನಡುವೆ ಒಂದು ತಿರುವು ಬೇರೆ. ಬಂಧುಗಳು ಅಳುತ್ತಿದ್ದರೆ ನಾನು ತಿರುವಿನ ಅಳತೆ ನೋಡುತ್ತಿದ್ದೆ. “ನೀನು ಕಾಲಿನ ಕಡೆ ಬಾ, ನೀನು ಸೊಂಟ ಹಿಡ್ಕೊ, ಎತ್ತು ಅಂದಾಗ ಎತ್ತಿ” ಎಂದು ಆಜ್ಞೆ ಕೊಟ್ಟು, ಗೋಡೆಗೆ ಒಂದಿಷ್ಟೂ ತಾಗದಂತೆ ಅವ್ವನನ್ನು ಕೆಳಗಿಳಿಸಿದೆ. “ನಿಮ್ಮವ್ವ ಕಣ್ರೀ, ಒಂದ್ಸಲನಾದ್ರೂ ಅಳಿ” ಎಂದು ನನ್ನ ಹೆಂಡತಿ ಕಿವಿಯ ಹತ್ತಿರ ಹೇಳಿದಳು. ಬರಲಿಲ್ಲ. ಎಂಥ ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದರು. ನಾನೂ ಅದನ್ನೇ ನಂಬಿಕೊಂಡೆ.

ಹೋದ ಬೇಸಿಗೆಯಲ್ಲಿ ಊರಾಚೆಯ ಕ್ವಾರಿ ಹೊಂಡದಿಂದ, ನೀರಿಗಿಳಿಯುವ ನಮ್ಮವನು ಒಂದು ಹೆಣ್ಣುಮಗುವಿನ ಹೆಣವನ್ನು ಮೇಲಕ್ಕೆ ತಂದ. ಏಳು ವರ್ಷ ಇದ್ದಿರಬಹುದು. ನಾನು ಹಗ್ಗ ಎಳೆದೆ. ಮಗುವನ್ನು ಅದರ ತಾಯಿಯ ಮುಂದೆ ಮಲಗಿಸಿದೆವು. ಠಾಣೆಗೆ ವಾಪಸು ಬಂದು ಉಪ್ಪಿಟ್ಟು ತಿಂದೆವು. ಉಪ್ಪು ಕಡಿಮೆಯಾಗಿದೆ ಎಂದು ನಾನು ಜಗಳವನ್ನೂ ಮಾಡಿದೆ.

ಅದಾದ ಮೇಲೆ ಅವನು ಹಗ್ಗದ ಬಗ್ಗೆ ಕೂಗಾಡುವುದನ್ನು ಬಿಟ್ಟ. ಸದ್ಯ, ಇವನ ಬಾಯಿ ಬಿದ್ದುಹೋಯಿತು ಎಂದು ಎಲ್ಲರೂ ತಮಾಷೆ ಮಾಡಿದೆವು. ಯಾರಿಗೂ ಮುಟ್ಟಲು ಬಿಡದಿದ್ದ ತನ್ನ ಕ್ಯಾರಂ ಸ್ಟ್ರೈಕರನ್ನು ಒಂದು ದಿನ ನನ್ನ ಕೈಗಿಟ್ಟು, “ನೀವೇ ಇಟ್ಕೊಳಿ ಅಣ್ಣ” ಎಂದ. ಒಳ್ಳೆಯ ಭಾರದ ಸ್ಟ್ರೈಕರ್. ಏಕೆ, ಏನು ಎಂದು ನಾನು ಕೇಳಲಿಲ್ಲ. ಒಂದು ವಾರ ಎಲ್ಲರನ್ನೂ ಸೋಲಿಸಿ ಮೆರೆದೆ.

ಆ ವಾರವೇ ಮನಸ್ಸಿನ ಡಾಕ್ಟರು ಬಂದದ್ದು. ಚಿಕ್ಕ ವಯಸ್ಸಿನ ಹೆಂಗಸು. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ, ನಿದ್ದೆ, ಸಿಟ್ಟು, ಕುಡಿತ ಎಂದೆಲ್ಲ ಮಾತಾಡಿದರು. ಇಷ್ಟು ಸಾವು ನೋಡಿದವರ ಮನಸ್ಸಿಗೆ ಪೆಟ್ಟಾಗುವುದು ಸಹಜ, ಹೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ನಾನೇ ಇರಬೇಕು. ತಲೆಗೊಂದರಂತೆ ಪ್ರಶ್ನೆಗಳ ಹಾಳೆ ಕೊಟ್ಟು, ನಮ್ಮ ಸಾಹೇಬರಿಗೆ ತಮ್ಮ ಫೋನ್ ನಂಬರು ಕೊಟ್ಟು ಅವರು ಹೋದರು. ಸಂಜೆಯೊಳಗೆ ಎಲ್ಲ ತುಂಬಿ ಕಳಿಸಬೇಕು ಎಂದು ಸಾಹೇಬರ ಹುಕುಂ ಆಯಿತು.

ಇನ್ನೇನಾಗುತ್ತದೆ? ಇಪ್ಪತ್ತೆರಡು ಜನ ಸೈನ್ ಹಾಕಿ, ಖಾಲಿ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹಾಕಿ ಹೋದರು. ಒಂದೊಂದರಲ್ಲೂ ಒಂಬತ್ತು ಪ್ರಶ್ನೆ. ಮೊದಲ ಎರಡು ಮೂರನ್ನು ಬಿಟ್ಟರೆ ನಾನು ಓದಲು ಹೋಗಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ಗುರುತು ಹಾಕುತ್ತ ಹೋದೆ. ಎಲ್ಲ ಒಂದೇ ಥರ ಕಂಡರೆ ಅನುಮಾನ ಬರುತ್ತದೆಂದು ನಿದ್ದೆಯ ಪ್ರಶ್ನೆಗೆ ಮಾತ್ರ ಕೆಲವರಿಗೆ ‘ಆಗಾಗ’ ಎಂದು ಹಾಕಿದೆ. ಆ ಬುದ್ಧಿವಂತಿಕೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಥೂ.

ಸಂಜೆ ಏಳರ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಡ್ಯೂಟಿ ಮುಗಿದಿತ್ತು, ಕೈಯಲ್ಲಿ ಹೆಲ್ಮೆಟ್ ಇತ್ತು.

“ಅಣ್ಣ, ನನ್ನ ಹಾಳೇಲಿ ಒಂಬತ್ತನೇದಕ್ಕೆ ಏನ್ ಹಾಕಿದ್ರಿ?”

“ಎಲ್ರಿಗೂ ಇಲ್ಲ ಅಂತ ಹಾಕ್ಬುಟ್ಟೆ ಕಣೋ. ಲಕೋಟೆ ಅಂಟ್ಸಿ ಕಳ್ಸೂ ಆಯ್ತು. ಯಾಕೆ?”

“ಏನಿಲ್ಲ ಬುಡಿ” ಎಂದ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ, ಮತ್ತೆ ಹಾಕಿದ. ಆಮೇಲೆ, “ಬರ್ತೀನಿ ಅಣ್ಣ” ಎಂದು ಹೋದ. ಅವನ ಮುಖವನ್ನು ನಾನು ಸರಿಯಾಗಿಯೇ ನೋಡಿದ್ದೆ. ನೋಡಿದ್ದು ಒಳಗೆ ಇಳಿಯಲಿಲ್ಲ ಅಷ್ಟೆ. ಮನೆಗೆ ಹೋಗಿ ಉಂಡು ಮಲಗಿದೆ, ಚೆನ್ನಾಗಿ ನಿದ್ದೆಯೂ ಬಂತು.

ಮರುದಿನ ಅವನಿಗೆ ವಾರದ ರಜೆ. ರಜೆ ಮುಗಿಸಿ ಬಂದ ಡ್ರೈವರ್ ಒಬ್ಬನ ಹಾಳೆ ಬಾಕಿ ಉಳಿದಿದೆ ಎಂದು ಸಾಹೇಬರು ಹತ್ತೂವರೆಗೆ ನನ್ನ ಮುಂದೆ ಇನ್ನೊಂದು ಪ್ರತಿ ಹಾಕಿದರು. ಇಲ್ಲ, ಇಲ್ಲ ಎಂದು ಇಳಿಯುತ್ತ ಕೊನೆಯ ಪ್ರಶ್ನೆಗೆ ಬಂದೆ. ಮೊದಲ ಸಲ ಅದನ್ನು ಓದಿದೆ. ‘ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂದು ನಿಮಗೆ ಅನಿಸಿದೆಯೇ?’

ಅವನು ಬಂದು ಕೇಳಿದ್ದು ಇದನ್ನು. ಸ್ಟ್ರೈಕರ್ ಕೊಟ್ಟದ್ದೂ ಇದಕ್ಕೇ. ಎಲ್ಲ ಅರ್ಥವಾಯಿತು. ಆದರೂ ಅರ್ಜಿಯಲ್ಲಿ ತಪ್ಪು ಕಂಡವನಂತೆ ಪೆನ್ನಿನ ಕ್ಯಾಪು ಮುಚ್ಚಿದೆ. ಡಾಕ್ಟರ ನಂಬರು ಇಸಿದುಕೊಂಡು ಸ್ಕೂಟರಿನ ಕೀ ತೆಗೆದುಕೊಂಡೆ. “ಡ್ಯೂಟಿ ಬಿಟ್ಟು ಎಲ್ಲಿಗ್ರೀ?” ಎಂದು ಸಾಹೇಬರು ಗದರಿದರು. “ಕಾಲ್ ಬಂದದೆ ಸಾರ್, ಬೋಗಾದೀಲಿ” ಎಂದೆ.

ಬೋಗಾದಿಯ ಹೊಸ ಬಡಾವಣೆಯಲ್ಲಿ ಅವನ ಮನೆ. ಎದುರಿಗೆ ಕಟ್ಟಡ ಏಳುತ್ತಿತ್ತು, ಜಲ್ಲಿ ಸುರಿದು ದಾರಿಯನ್ನೇ ಮುಚ್ಚಿದ್ದರು. ಸ್ಕೂಟರನ್ನು ಅಲ್ಲೇ ಬಿಸಾಕಿ ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಒಂದು ನಿಮಿಷ ಯಾರೂ ಬರಲಿಲ್ಲ.

ಅವನೇ ತೆಗೆದ.

ಹೆಂಡತಿ ಹೊಲಿಗೆ ಅಂಗಡಿಗೆ ಹೋಗಿದ್ದಳು, ಎಂಟು ವರ್ಷದ ಮಗಳು ಶಾಲೆಗೆ. ಅವನು ಮಗಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದ. ಇದ್ದಬದ್ದ ಜೊತೆಯನ್ನೆಲ್ಲ ಇಸ್ತ್ರಿ ಮಾಡಿ, ಮಡಿಸಿ, ಮಂಚದ ಮೇಲೆ ಜೋಡಿಸಿದ್ದ. ಶೂಗೆ ಪಾಲಿಶ್ ಕೂಡ ಆಗಿತ್ತು.

ನನಗೆ ನಯವಾಗಿ ಕೇಳಲು ಬರುವುದಿಲ್ಲ. “ಸಾಯ್ಬೇಕು ಅಂತ ಮಾಡಿದ್ದೀಯೇನೋ?” ಎಂದು ಕೇಳಿಬಿಟ್ಟೆ.

ಅವನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದ. “ಹೂಂ ಅಣ್ಣ.”

“ಯಾವಾಗ?”

“ಇವತ್ತು.”

ನಾನು ಹೋಗಿ ಅವನ ಪಕ್ಕ ಕೂತೆ. ನನ್ನ ಕೈಗೆ ಬೆಂಕಿ ಬೀಳ, ನೀನು ಕೇಳಿದಾಗ ನಾನು ಓದಬೇಕಿತ್ತು ಎಂದೆ. ಅವನು ಮಡಿಸಿದ ಒಂದು ಯೂನಿಫಾರಂ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ತಾನೇ ಶುರು ಮಾಡಿದ.

“ಮಗಳು ಓಡ್ಬಂದು ತಬ್ಕೊಂಡ್ರೆ ಎತ್ಕೋತೀನಿ ಅಣ್ಣ. ಎತ್ಕೊಂಡ್ರೆ ತೂಕ ನೋಡ್ತೀನಿ. ಎಷ್ಟ್ ಕೆಜಿ ಅವ್ಳೆ, ಒದ್ದೆ ಬಟ್ಟೇಲಿ ಎಷ್ಟಾಯ್ತಾಳೆ ಅಂತ. ಮಗಳು ಅನ್ನೋದೇ ಗೊತ್ತಾಗಲ್ಲ. ಇಂಥೋನು ಅವ್ಳಿಗೆ ಯಾಕೆ ಬೇಕು?”

ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ. “ನಂಗೂ ಏನೂ ಗೊತ್ತಾಗಲ್ಲ ಕಣೋ, ಬಹಳ ವರ್ಷ ಆಯ್ತು” ಎಂದೆ. ಅವನು ತಿರುಗಿ ನನ್ನನ್ನು ನೋಡಿದ. ಅಷ್ಟು ದಿನ ಜೊತೆಗಿದ್ದೂ ನಾವು ಇದೊಂದನ್ನು ಮಾತಾಡಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. “ಅವರನ್ನ ಒಂದು ನಿಮಿಷನೂ ಒಬ್ಬರನ್ನೇ ಬಿಡಬೇಡಿ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ” ಎಂದರು. ಅವನ ಹೆಂಡತಿಗೂ ಹೇಳಿದೆ. ಸ್ಕೂಟರಿನ ಹಿಂದೆ ಅವನನ್ನು ಕೂರಿಸಿಕೊಂಡು, “ನನ್ನ ಸೊಂಟ ಹಿಡ್ಕೊಳೋ” ಎಂದು ಗದರಿದೆ. ದಾರಿಯುದ್ದಕ್ಕೂ ಹಿಡಿದುಕೊಂಡಿದ್ದ.

ಅವನೀಗ ಇದ್ದಾನೆ. ಮಾತ್ರೆ ನುಂಗುತ್ತಾನೆ, ಡಾಕ್ಟರ ಹತ್ತಿರ ಹೋಗಿ ಮಾತಾಡುತ್ತಾನೆ, ನೀರಿನ ಕರೆಗೆ ಅವನನ್ನು ಕಳಿಸುವುದಿಲ್ಲ. ಕೆಲವು ದಿನ ಚೆನ್ನಾಗಿರುತ್ತಾನೆ, ಕೆಲವು ದಿನ ಇಲ್ಲ. ನಾನೂ ಅದೇ ಡಾಕ್ಟರ ಮುಂದೆ ವಾರಕ್ಕೊಮ್ಮೆ ಹೋಗಿ ಕೂರುತ್ತೇನೆ. ಠಾಣೆಯಲ್ಲಿ ಈಗ ಯಾರ ಹಾಳೆಯನ್ನೂ ನಾನು ತುಂಬುವುದಿಲ್ಲ ಎಂದಿದ್ದೇನೆ, ಬೈಸಿಕೊಳ್ಳುತ್ತಿದ್ದೇನೆ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಆ ದಿನದ ಮಧ್ಯಾಹ್ನ.

ಡಾಕ್ಟರು ಅವನನ್ನು ಒಳಗೆ ಕರೆದುಕೊಂಡಿದ್ದರು. ಅವನ ಹೆಂಡತಿ ಆಟೋದಿಂದಿಳಿದು ಓಡಿ ಬಂದಳು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮುಚ್ಚಿದ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು.

“ನಿಮ್ಗೆ ಯಾವಾಗ ಗೊತ್ತಾಯ್ತು ಅಣ್ಣ?”

ಈಗ ತಾನೇ ಎಂದು ಹೇಳಬಹುದಿತ್ತು. “ನೆನ್ನೆ ಸಾಯಂಕಾಲ ಏಳಕ್ಕೆ ನನ್ ಹತ್ರ ಬಂದಿದ್ದ ಕಣಮ್ಮ. ನನ್ ತಲೆಗೆ ಹೋಗ್ಲಿಲ್ಲ. ಇವತ್ತು ಹನ್ನೊಂದಕ್ಕೆ ನಿಮ್ಮನೆಗೆ ಹೋದೆ” ಎಂದೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

“ರಾತ್ರಿ ಎರಡ್ಸಲ ಸಾರು ಹಾಕಿಸ್ಕೊಂಡು ಉಂಡ್ರು” ಎಂದಳು. “ನಾನು ಪಕ್ಕದಲ್ಲೇ ಮಲಗಿದ್ದೆ. ಬೆಳಿಗ್ಗೆ ಡಬ್ಬಿ ಕಟ್ಕೊಂಡು ಹೋಗ್ಬರ್ತೀನಿ ಅಂತ ಹೇಳಿ ಬಂದೆ. ನಂಗೆ ಈಗ ಗೊತ್ತಾಗ್ತಾ ಅದೆ.”

ಏಳರಿಂದ ಹನ್ನೊಂದು. ಹದಿನಾರು ಗಂಟೆ. ಆ ಹದಿನಾರು ಗಂಟೆ ಅವನು ಉಳಿದದ್ದು ನನ್ನಿಂದಲ್ಲ, ಅವಳಿಂದಲೂ ಅಲ್ಲ. ಸುಮ್ಮನೆ, ಹೇಗೋ ಉಳಿದಿದ್ದ.

ಆಸ್ಪತ್ರೆಯ ನೆಲದ ಮೇಲೆ, ಜನ ಓಡಾಡುವ ದಾರಿಯಲ್ಲೇ ಕೂತುಬಿಟ್ಟೆ. ನನಗೆ ಭಯವಾಗಿತ್ತು, ಎಷ್ಟು ಭಯವೆಂದರೆ ಹಲ್ಲು ಕಟಕಟ ಎನ್ನುತ್ತಿತ್ತು. ಆ ಹೆಣ್ಣುಮಗಳೂ ನನ್ನ ಪಕ್ಕ ನೆಲದ ಮೇಲೆ ಕೂತಳು. ಬಾಗಿಲು ತೆಗೆಯುವವರೆಗೆ ಇಬ್ಬರೂ ಅಲ್ಲೇ ಇದ್ದೆವು.